ಕೆಟ್ಟ ಸುದ್ದಿಗೆ ತೆಂಗಿನಕಾಯಿ

ಲಿವರ್‌ಮೋರ್
ಜೂನ್ 11, 2000

ಪ್ರಿಯ ಶ್ರೀಕಂಠ,

ನೀನು ಕ್ಯುಪರ್ಟಿನೋದಲ್ಲಿ ಮನೆ ಮಾಡಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದವೇ ಬೈಗುಳದ್ದಾಯಿತಲ್ಲ ಎಂದು ಬೇಜಾರಿದೆ. ಇಲ್ಲೇ ಕ್ಯಾಲಿಫೋರ್ನಿಯಾದ ಡಬ್ಲಿನ್ನಿನಲ್ಲಿ ಅಕ್ಕಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದಾಗ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತಿದ್ದೆವು, ಫ್ರೀವೇಯಲ್ಲಿ ಶುರುವಾದ ಜಗಳ ಪಾರ್ಕಿಂಗ್ ಲಾಟಿಗೆ ಬರುವ ಹೊತ್ತಿಗೆ ಮುಗಿದಿರುತ್ತಿತ್ತು. ಈಗ ನೀನು ಕಂಪನಿಯ ವೈಸ್ ಪ್ರೆಸಿಡೆಂಟು, ನಾನು ಅದೇ ಕಂಪನಿಯ ಗೋದಾಮಿನ ಸಾಫ್ಟ್‌ವೇರು ನೋಡಿಕೊಳ್ಳುವವನು. ಇ-ಮೇಲು ಹಾಕಿದರೆ ಯಾರ್ಯಾರು ಓದುತ್ತಾರೋ. ಫೋನು ಮಾಡಿದರೆ ನನ್ನ ದನಿ ಏರುತ್ತದೆ, ನನ್ನ ಹೆಂಡತಿ ಭದ್ರಮ್ಮ ಬಂದು ತಂತಿ ಕಿತ್ತು ಹೋಗುತ್ತಾಳೆ. ಅದಕ್ಕೇ ಕಾಗದ.

ಸೋಮವಾರದ ಮೀಟಿಂಗಿನಲ್ಲಿ ನೀನು ಮಾಡಿದ್ದು ಸರಿಯಲ್ಲ ಕಣಯ್ಯ.

ನನ್ನ ಟೀಮಿನ ನಿಸರ್ಗಾ, ಆ ಮಂಡ್ಯದ ಹುಡುಗಿ, ಎದ್ದು ನಿಂತು ಏನು ಹೇಳಿದಳು? ಹೊಸ ಸಾಫ್ಟ್‌ವೇರು ವ್ಯವಸ್ಥೆಯಲ್ಲಿ ಆರ್ಡರುಗಳು ಒಟ್ಟಿಗೆ ನುಗ್ಗಿದರೆ ಒಬ್ಬರ ಹೂಗುಚ್ಛಕ್ಕೆ ಇನ್ನೊಬ್ಬರ ಕಾರ್ಡು ಅಂಟಿಕೊಳ್ಳುತ್ತಿದೆ ಎಂದಳು. ಹೂವು ಮಾರುವ ಕಂಪನಿಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದೆ? ನೀನು ನಕ್ಕೆ. ಗೋಡೆಯ ಪಟ್ಟಿಯಲ್ಲಿ ಒಂದೊಂದು ಕೆಲಸದ ಮುಂದೆ ಹಾಕಿದ್ದ ಹಸಿರು ಚುಕ್ಕೆಗಳನ್ನು ತೋರಿಸಿ, ಎಲ್ಲಾ ಚೆನ್ನಾಗಿ ನಡೆಯುತ್ತಿದೆ ಎಂದು ಮುಂದಿನ ವಿಷಯಕ್ಕೆ ಹಾರಿದೆ. ಅಷ್ಟಕ್ಕೇ ಬಿಡಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ ಕನ್ನಡದಲ್ಲಿ ಅಂದೆ: “ಏನಮ್ಮಾ, ಒಳ್ಳೆ ಕೆಲಸ ನಡೀತಿರೋವಾಗ ಎಲ್ಲರ ಮುಂದೆ ಹಿಂಗೆ ಅಪಶಕುನ ನುಡೀಬಾರ್ದು.” ಇಂಗ್ಲಿಷಿನಲ್ಲಿ ಬೈದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲವೇನೋ. ಕನ್ನಡದಲ್ಲಿ ಬೈದೆಯಲ್ಲ, ಮನೆಯ ಹಿರಿಯರು ಬೈದ ಹಾಗಾಯಿತು.

ಹೋದ ವರ್ಷ ಇದೇ ಕೆಲಸಕ್ಕೆ ಕೈ ಹಾಕಿ ಮುಗ್ಗರಿಸಿದ್ದು ಮರೆತೆಯಾ? ಎಲ್ಲರಿಗೂ ಹಳದಿ ಟೀ-ಶರ್ಟು ಹಂಚಿದರು, ಎದೆಯ ಮೇಲೆ ಬದಲಾವಣೆಯೇ ನಮ್ಮ ಉಸಿರು ಎಂಬರ್ಥದ ಘೋಷಣೆ. ಕೇಕು ಕತ್ತರಿಸಿದರು. ಸಾಫ್ಟ್‌ವೇರು ಕಸಕ್ಕೆ ಹೋಯಿತು, ಟೀ-ಶರ್ಟಿನಿಂದ ಭದ್ರಮ್ಮ ಸ್ಟೋವ್ ಒರೆಸುತ್ತಿದ್ದಾಳೆ. ಆಗಲೂ ಮುಳುಗುವ ಹಿಂದಿನ ದಿನದವರೆಗೆ ಚುಕ್ಕೆಗಳೆಲ್ಲ ಹಸಿರಾಗಿಯೇ ಇದ್ದವು.

ನಮ್ಮೂರಿನ ಸಂಗತಿ ಒಂದು ಹೇಳುತ್ತೇನೆ, ಆಕಳಿಸದೆ ಕೇಳು. ಅರಸೀಕೆರೆ ಕಡೆಯ ನಮ್ಮೂರಿಗೆ ಒಂದು ದೊಡ್ಡ ಕೆರೆ. ಕೆರೆ ಕಾಯುವ ನೀರುಗಂಟಿ ದಿನಾ ಏರಿಯ ಉದ್ದಕ್ಕೂ ನಡೆದು ನೋಡಿ ಬರಬೇಕು. ಎಲ್ಲಾದರೂ ನೀರು ಜಿನುಗುತ್ತಿದ್ದರೆ ನೇರ ಪಟೇಲರ ಮನೆ ಬಾಗಿಲಿಗೆ ಬರುತ್ತಿದ್ದ. ಬಂದವನು ತುಟಿ ಬಿಚ್ಚುವ ಹಾಗಿಲ್ಲ. ಮೊದಲು ಪಟೇಲರು ಅವನನ್ನು ಜಗಲಿಯ ಮೇಲೆ ಕೂರಿಸಿ, ಎಲೆ ಅಡಿಕೆಯ ಜೊತೆ ಒಂದು ತೆಂಗಿನಕಾಯಿ ಕೈಗಿಡಬೇಕು. ಆಮೇಲೆ ಅವನು ಸುದ್ದಿ ಹೇಳಬೇಕು. ಮಿಕ್ಕ ದಿನ ಅದೇ ಮನುಷ್ಯನನ್ನು ಜಗಲಿಯ ಕೆಳಗೇ ನಿಲ್ಲಿಸುತ್ತಿದ್ದರು, ನಮ್ಮೂರೇನು ಕೈಲಾಸವಲ್ಲ. ಆದರೆ ಕೆಟ್ಟ ಸುದ್ದಿ ತಂದ ದಿನ ಮಾತ್ರ ಅವನಿಗೆ ಮರ್ಯಾದೆ. ಕೈಯಾರೆ ವೀಳ್ಯ ಕೊಟ್ಟವನ ಮೇಲೆ ಪಟೇಲರು ರೇಗುವುದಾದರೂ ಹೇಗೆ? ನಮ್ಮ ಹಿರಿಯರು ಓದಿದವರಲ್ಲ, ಆದರೆ ದೊಡ್ಡವರ ಸಿಟ್ಟು ಎಂಥದೆಂದು ಬಲ್ಲವರಾಗಿದ್ದರು.

ಬರುವ ಫೆಬ್ರುವರಿಯಲ್ಲಿ ಹೂವಿನವರ ದೊಡ್ಡ ಹಬ್ಬವಾದ ವ್ಯಾಲೆಂಟೈನ್ ದಿನಕ್ಕೆ ಹೊಸ ವ್ಯವಸ್ಥೆ ನಡೆಯಬೇಕೆಂದರೆ ನಮ್ಮ ಗೋದಾಮಿಗೆ ಆ ಪದ್ಧತಿ ಬೇಕು. ಸೋಮವಾರಕ್ಕೊಂದು ತೆಂಗಿನಕಾಯಿ. ಒಪ್ಪಿಗೆ ಕೊಡು.

ನಿನ್ನ ಮನೆಯಾಕೆ ಇಂದುವಿಗೆ ನನ್ನ ನಮಸ್ಕಾರ ಹೇಳು. ನಿನಗೆ ಸದ್ಯಕ್ಕಿಲ್ಲ.

ನಿನ್ನ
ದೇವೇಂದ್ರಪ್ಪ


ಕ್ಯುಪರ್ಟಿನೋ
ಜೂನ್ 19, 2000

ದೇವೇಂದ್ರಪ್ಪಾ, ಮಾರಾಯ,

ನಿನ್ನ ಕೆರೆ ಪುರಾಣ ತಲುಪಿತು. ಹಾಸ್ಟೆಲಿನಲ್ಲಿದ್ದಾಗಲೂ ಹೀಗೇ, ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವುದಕ್ಕೆ ಒಂದು ರಾಜನ ಕಥೆ ಕಟ್ಟುತ್ತಿದ್ದೆ. ಇಂದು ಓದಿ ನಕ್ಕಳು, ಆಮೇಲೆ “ಆ ಹುಡುಗಿಗೆ ಹಾಗನ್ನಬಾರದಿತ್ತು ರೀ” ಎಂದಳು. ಇರಬಹುದು.

ನನ್ನ ಕಷ್ಟವನ್ನೂ ಸ್ವಲ್ಪ ನೋಡು. ಬೋರ್ಡಿನವರ ಮುಂದೆ ನಿಂತು ತೊಂದರೆ ಎಂಬ ಪದ ಎತ್ತಿದರೆ ಅವರ ಮುಖವೇ ಬೇರೆಯಾಗುತ್ತದೆ. ಏಪ್ರಿಲಿನಲ್ಲಿ ಷೇರು ಬಿದ್ದ ಮೇಲಂತೂ ಎಲ್ಲರಿಗೂ ಒಳ್ಳೆಯ ಮಾತೇ ಕಿವಿಗೆ ಬೇಕು. ಈ ಮನೆ ತೆಗೆದುಕೊಂಡಿದ್ದು ಮಗಳ ಸ್ಕೂಲಿಗೋಸ್ಕರ. ಬೆಳಿಗ್ಗೆ ಎದ್ದರೆ ಅದೇ ತಲೆಯಲ್ಲಿ.

ಆಗಲಿ, ನಿನ್ನ ತೆಂಗಿನಕಾಯಿ ಶುರು ಮಾಡು. ಬಾಯಿ ಬಿಟ್ಟವರಿಗೆ ಏನೂ ಆಗುವುದಿಲ್ಲ ಎಂದು ನನ್ನ ಹೆಸರು ಹೇಳಿ ಮಾತು ಕೊಡು. ನಿನ್ನ ಜನ ನಿನ್ನನ್ನು ನಂಬುತ್ತಾರೆ.

ಪಟೇಲನ ಪಟ್ಟ ಒಪ್ಪಿಕೊಂಡ
ಶ್ರೀಕಂಠ


ಲಿವರ್‌ಮೋರ್
ಆಗಸ್ಟ್ 27, 2000

ಪ್ರಿಯ ಶ್ರೀಕಂಠ,

ಅರ್ಧ ಕಾಗದ ಸಂತೋಷದ್ದು, ಅರ್ಧ ಸಿಟ್ಟಿನದು. ಮೊದಲು ಸಂತೋಷ.

ಮೊದಲ ಸೋಮವಾರ ಮೇಜಿನ ಮೇಲೆ ತೆಂಗಿನಕಾಯಿ ಇಟ್ಟು ಕೂತರೆ ಎಲ್ಲರೂ ಅದನ್ನು ಬಾಂಬು ನೋಡಿದ ಹಾಗೆ ನೋಡಿದರು. ನಾನೇ ನಮ್ಮ ಸೀಮೆಯ ಹೆಸರು ಹೇಳಿ ಕೆರೆಯ ಕಥೆ ಹೇಳಿದೆ. “ಇಲ್ಲಿ ಕೆಟ್ಟ ಸುದ್ದಿ ತಂದವರ ಕೆಲಸಕ್ಕೆ ಕುತ್ತು ಬರುವುದಿಲ್ಲ, ಶ್ರೀಕಂಠ ಮಾತು ಕೊಟ್ಟಿದ್ದಾನೆ, ನಾನೂ ಕೊಡುತ್ತಿದ್ದೇನೆ” ಎಂದೆ. ಆ ದಿನ ಕಾಯಿ ಮೇಜಿನ ಮೇಲೇ ಉಳಿಯಿತು. ಮಾರನೆಯ ವಾರ ಹೂ ಕಟ್ಟುವ ಮೇಜುಗಳ ಮುಖ್ಯಸ್ಥೆ ಲೂಪೆ ಎದ್ದಳು. ಮೆಕ್ಸಿಕೋದವಳು, ನಮ್ಮ ಭದ್ರಮ್ಮನ ವಯಸ್ಸು. ನೇರ ಬಂದು ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಹೇಳಿದಳು: “ನೀವು ಯಾರಾದರೂ ಬಂದಾಗ ಹೊಸ ಪರದೆ ನೋಡಿದ ಹಾಗೆ ನಟಿಸುತ್ತೇವೆ. ನೀವು ಹೋದ ಮೇಲೆ ಹಳೇ ಕಾಗದದ ಚೀಟಿ ನೋಡಿಕೊಂಡೇ ಹೂ ಕಟ್ಟುತ್ತೇವೆ.”

ಎಷ್ಟೋ ತಿಂಗಳಿಂದ ನಾವು ಹಸಿರು ಚುಕ್ಕೆ ಹಾಕುತ್ತಿದ್ದ ಕೆಲಸ! ಯಾಕೆ ಎಂದು ಕೇಳಿದ್ದಕ್ಕೆ, ಹೊಸದನ್ನು ಕಲಿಸುವವರು ಒಂದು ಬೆಳಿಗ್ಗೆ ಬಂದು ಹಾಡು ಹಾಡಿಸಿ ಹೋದರು, ಮತ್ತೆ ಬರಲೇ ಇಲ್ಲ ಎಂದಳು. ಕಾಯಿಯನ್ನು ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಕರೆದುಕೊಂಡು ಹೋಗಿ ಪಾರ್ಕಿಂಗ್ ಲಾಟಿನ ಕಟ್ಟೆಗೆ ಫಟಾರನೆ ಒಡೆದು ತೋರಿಸಿದೆ. ಸೆಕ್ಯೂರಿಟಿಯವನು ಗುಂಡು ಹಾರಿತೆಂದು ಓಡಿ ಬಂದ. ಅವನಿಗೂ ಒಂದು ಚೂರು ಕೊಟ್ಟೆವು.

ಅಲ್ಲಿಂದ ಕಟ್ಟೆ ಒಡೆಯಿತು ನೋಡು. ವ್ಯಾನು ಓಡಿಸುವವರು ಬಂದರು, ಬೆಂಗಳೂರಿನಿಂದ ಬಂದ ಮಧ್ವೇಶ ಬಂದ. ನಿಸರ್ಗಾ ಬಂದು, “ಸಾರ್, ಕಾರ್ಡ್ ಟೆಸ್ಟಿಗೆ ಅವಸರದಲ್ಲಿ ಸೈನ್ ಹಾಕ್ದೋಳು ನಾನೇ. ಪೂರ್ತಿ ಬಿಚ್ಚಿ ಕಟ್ಬೇಕು” ಎಂದಳು. ಕಾಯಿ ಕೊಟ್ಟೆ. ಕಣ್ಣು ಒರೆಸಿಕೊಂಡು ನಕ್ಕಳು. ಬಿಚ್ಚಿ ಕಟ್ಟುವ ಕೆಲಸ ಈಗ ನಡೆದಿದೆ. ಜನ ಕೆಲಸ ಮುಗಿಸಿ ಮನೆಗೆ ಹೋಗುವಾಗ ಹಗುರಾಗಿ ಹೋಗುತ್ತಿದ್ದಾರೆ.

ಈಗ ಸಿಟ್ಟು. ಹೋದ ಸೋಮವಾರ ನೀನು, ಕಂಪನಿಗೆ ಸಲಹೆ ಕೊಡಲು ಬೋರ್ಡಿನವರು ಗೊತ್ತುಮಾಡಿದ ಆ ಕನ್ಸಲ್ಟೆಂಟು ಹೆಂಗಸನ್ನು ಕರೆತಂದೆ. ಕಾಯಿ ಹಿಡಿದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ಹೊಡೆಸಿದೆ. ಹೋಗಲಿ ಎಂದರೆ, ಈ ವಾರ ಒಂದು ದೊಡ್ಡ ಪೆಟ್ಟಿಗೆ ಬಂದಿದೆ. ತೆರೆದರೆ ಪ್ಲಾಸ್ಟಿಕ್ ತೆಂಗಿನಕಾಯಿ! ಮೇಲೆ ಕಂಪನಿಯ ಹೂವಿನ ಗುರುತು! ಅಲ್ಲವೋ, ಒಡೆದರೆ ನೀರಿಲ್ಲ, ತುರಿದರೆ ಚಟ್ನಿಯಿಲ್ಲ, ಅದನ್ನು ಏನೆಂದು ಕೊಡಲಿ? ಮರ್ಯಾದೆಗೆ ಕೊಡುವ ವಸ್ತುವನ್ನು ಆಟಿಕೆ ಮಾಡಿದರೆ ಮರ್ಯಾದೆಯೂ ಆಟಿಕೆಯಾಗುತ್ತದೆ. ಪೆಟ್ಟಿಗೆ ವಾಪಸ್ಸು ತರಿಸಿಕೋ.

ದೇವೇಂದ್ರಪ್ಪ


ಕ್ಯುಪರ್ಟಿನೋ
ಸೆಪ್ಟೆಂಬರ್ 10, 2000

ಪ್ರಿಯ ದೇವೇಂದ್ರಪ್ಪ,

ಪ್ಲಾಸ್ಟಿಕ್ಕಿಗೆ ಇಷ್ಟು ಕೋಪವೇ? ಕಂಪನಿಯ ಎಲ್ಲ ಆಫೀಸಿಗೂ ನಿನ್ನ ಪದ್ಧತಿ ಹಬ್ಬಲಿ ಎಂದು ತಾನೆ ಮಾಡಿಸಿದ್ದು? ಚಿಕಾಗೋದಲ್ಲಿ ಪ್ರತಿ ಸೋಮವಾರ ಸುಲಿದ ಕಾಯಿ ಎಲ್ಲಿಂದ ತರುತ್ತಾರೆ? ಬೋರ್ಡಿನವರಿಗೆ ಬಹಳ ಹಿಡಿಸಿದೆ. ನಿಮ್ಮೂರ ಕೆರೆ ಏರಿಯ ಕಥೆಯನ್ನು ಚೇರ್ಮನ್ನರು ಎರಡು ಸಲ ಹೇಳಿಸಿದರು. ಕೊನೆಗೆ, ಧೈರ್ಯವಾಗಿ ಮಾತಾಡುವ ಈ ಜನ ಯಾರು ಎಂದು ಆಸಕ್ತಿಯಿಂದ ಕೇಳಿದರು. ಫೋಟೋ ತೋರಿಸಿದೆ.

ಹೆಮ್ಮೆ ಪಡು ಮಾರಾಯ.

ನಿನ್ನ
ಶ್ರೀಕಂಠ


ಲಿವರ್‌ಮೋರ್
ನವೆಂಬರ್ 18, 2000

ಶ್ರೀಕಂಠ,

ಗುರುವಾರ ಬೆಳಿಗ್ಗೆ ನಮ್ಮ ಗೋದಾಮಿನಲ್ಲಿ ಏನಾಯಿತೆಂದು ನಿನಗೆ ಗೊತ್ತಿದೆ. ಆದರೂ ನಾನು ಕಂಡಿದ್ದನ್ನು ಬರೆಯುತ್ತೇನೆ, ನೀನು ಅಲ್ಲಿರಲಿಲ್ಲವಲ್ಲ.

ಒಬ್ಬೊಬ್ಬರನ್ನೇ ಒಳಗೆ ಕರೆದರು. ಹೊರಗೆ ಬಂದವರ ಕೈಗೆ, ಮೇಜಿನ ಸಾಮಾನು ತುಂಬಿಕೊಂಡು ಹೊರಡಲು ಒಂದು ಖಾಲಿ ರಟ್ಟಿನ ಪೆಟ್ಟಿಗೆ. ವ್ಯಾನಿನ ಹುಡುಗರು ಹೋದರು. ಮಧ್ವೇಶ ಹೋದ. ಕೆಲಸ ಬಾರದವರು ಉಳಿದರು, ತಡವಾಗಿ ಬರುವವರು ಉಳಿದರು, ಹಸಿರು ಚುಕ್ಕೆ ಹಚ್ಚಿಕೊಂಡು ಬಾಯಿ ಹೊಲಿದುಕೊಂಡವರು ಅಲುಗದೆ ಉಳಿದರು. ಮೊದಲು ನನಗೆ ತಿಳಿಯಲಿಲ್ಲ. ನಿಸರ್ಗಾ ತನ್ನ ಮೇಜು ಖಾಲಿ ಮಾಡುವಾಗ, ನಾನು ಬೇಡವೆಂದರೂ ನೀನು ಬಾಯಿ ಬಿಟ್ಟವರಿಗೆಲ್ಲ ಹಂಚಿಸಿದ್ದ ಪ್ಲಾಸ್ಟಿಕ್ ಕಾಯಿಯನ್ನು ಎತ್ತಿ ಪೆಟ್ಟಿಗೆಗೆ ಹಾಕಿದಳು. ಆಗ ಸುತ್ತ ನೋಡಿದೆ. ಬಾಗಿಲ ಕಡೆ ನಡೆಯುತ್ತಿದ್ದ ಪೆಟ್ಟಿಗೆಯಲ್ಲೆಲ್ಲ ಒಂದೊಂದು ಕಾಯಿ ಇಣುಕುತ್ತಿತ್ತು.

ನನ್ನ ಸೀಮೆಯ ಕಥೆ ಕೇಳಿ ಬಾಯಿ ಬಿಟ್ಟವರೆಲ್ಲ ಬೀದಿಗೆ ಬಿದ್ದರು. ಲೂಪೆ ಒಬ್ಬಳು ಉಳಿದಳು, ಅವಳಿಲ್ಲದಿದ್ದರೆ ಒಂದು ಗುಲಾಬಿಯೂ ಹೊರಗೆ ಹೋಗುವುದಿಲ್ಲವೆಂದು.

ನಿಸರ್ಗಾ ಅಳಲಿಲ್ಲ. ಸೆಕ್ಯೂರಿಟಿಯವನು, ಅವತ್ತು ಕಾಯಿ ಚೂರು ತಿಂದವನೇ, ಅವಳ ಪಕ್ಕದಲ್ಲಿ ನೆಲ ನೋಡುತ್ತಾ ನಡೆಯುತ್ತಿದ್ದ. ನನ್ನ ಮುಂದೆ ನಿಂತು ಕೇಳಿದಳು: “ಸಾರ್, ನೀವ್ ಹೇಳಿದ್ರಿ ಅಂತ ತಾನೆ ನಾನ್ ಬಾಯ್ ಬಿಟ್ಟಿದ್ದು? ಸುಮ್ಕಿದ್ದಿದ್ರೆ ಇವತ್ತು ಒಳಗಿರ್ತಿದ್ದೆ, ಅಲ್ವಾ?”

ನಾನು ಊರಲ್ಲಿ ರಾತ್ರಿಯೆಲ್ಲ ಕಥೆ ಹೇಳುವವರ ಮಧ್ಯೆ ಬೆಳೆದವನು. ಎಂಥ ಮಾತಿಗೂ ಇನ್ನೊಂದು ಮಾತು ಸಿಗುತ್ತಿತ್ತು. ಅವತ್ತು ಅವಳ ಪೆಟ್ಟಿಗೆ ಇಸಿದುಕೊಂಡು ಕಾರಿನ ತನಕ ಹೊತ್ತು ಕೊಟ್ಟೆ, ಅಷ್ಟೇ. ಅವಳಿಗೆ ವೀಸಾದ ಗಡುವು ಬೇರೆ, ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಕಾರ್ಡಿನ ಕೆಲಸ ಬಿಚ್ಚಿ ಅರ್ಧ ಕಟ್ಟಿದ್ದಳು. ಉಳಿದರ್ಧ ಯಾರ ತಲೆಯಲ್ಲೂ ಇಲ್ಲ.

ಕಳ್ಳನೊಬ್ಬ ಮನೆಗೆ ನುಗ್ಗಿದರೆ ಸಿಟ್ಟು ಬರುತ್ತದೆ, ಆಮೇಲೆ ಹೋಗುತ್ತದೆ. ಮನೆಯವನೇ ಬಾ ಎಂದು ಕರೆದು, ಜಗಲಿಯ ಮೇಲೆ ಕೂರಿಸಿ, ವೀಳ್ಯ ಕೊಟ್ಟು, ಬಾಯಿ ಬಿಡಿಸಿ, ಆಮೇಲೆ ಕತ್ತು ಹಿಡಿದು ನೂಕಿದರೆ? ನಮ್ಮೂರ ಪಟೇಲರು ಬಡ್ಡಿಯಲ್ಲಿ ಎಷ್ಟೋ ಜನರ ಹೊಲ ನುಂಗಿದವರು. ಅವರೂ ಇಂಥದ್ದು ಮಾಡಲಿಲ್ಲ.

ನಾನು ರಾಜೀನಾಮೆ ಬರೆದುಕೊಟ್ಟು ಬಂದಿದ್ದೇನೆ. ನಿನ್ನನ್ನು ಕೇಳುವುದು ಒಂದೇ ಮಾತು. ಯಾರನ್ನು ತೆಗೆಯಬೇಕೆಂದು ಅವರಿಗೆ ಹೇಳಿದವರು ಯಾರು?

ದೇವೇಂದ್ರಪ್ಪ


ಲಿವರ್‌ಮೋರ್
ಡಿಸೆಂಬರ್ 16, 2000

ಶ್ರೀಕಂಠ,

ಉತ್ತರ ಬರಲಿಲ್ಲ. ಲಿವರ್‌ಮೋರಿನ ದೇವಸ್ಥಾನದಲ್ಲಿ ಹೋದ ಭಾನುವಾರ ನಿನ್ನನ್ನು ಕಂಡೆ. ನೀನೂ ನನ್ನನ್ನು ಕಂಡೆ. ಕಂಡವನು ಪ್ರಸಾದದ ಸಾಲು ಬಿಟ್ಟು ನೀನು ಚಪ್ಪಲಿ ಹುಡುಕಲು ಹೋದೆ. ಇಂದು ಮಾತ್ರ ಭದ್ರಮ್ಮನ ಕೈ ಹಿಡಿದುಕೊಂಡು ನಿಂತಿದ್ದಳು.

ಕೇಳಿದ ಮಾತು ಹಾಗೇ ಇದೆ.

ದೇವೇಂದ್ರಪ್ಪ


ಕ್ಯುಪರ್ಟಿನೋ
ಜನವರಿ 14, 2001

ದೇವೇಂದ್ರಪ್ಪ,

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ. ಎಳ್ಳು ಬೆಲ್ಲ ಇದೆ.

ಆ ಕನ್ಸಲ್ಟೆಂಟು ಹೆಂಗಸು ಕೇಳಿದಳು, ಬದಲಾವಣೆಗೆ ಅಡ್ಡ ಬರುವವರು ಯಾರು, ಎಲ್ಲದರಲ್ಲೂ ತೊಂದರೆಯನ್ನೇ ನೋಡುವವರು ಯಾರು ಎಂದು. ಬೋರ್ಡಿನವರೆಲ್ಲ ನನ್ನ ಮುಖ ನೋಡುತ್ತಿದ್ದರು. ಯೋಚಿಸುವ ಮೊದಲೇ ಫೋಟೋದಲ್ಲಿದ್ದವರ ಹೆಸರುಗಳು ಬಾಯಿಗೆ ಬಂದವು. ನಿನ್ನ ಹೆಸರನ್ನು ಮಾತ್ರ ತಡೆದೆ. ಅದನ್ನು ಉಪಕಾರವೆಂದು ಬರೆಯುತ್ತಿಲ್ಲ.

ಈಗ ಸೋಮವಾರ ಸೋಮವಾರ ನಾನೇ ಮೇಜಿನ ಮೇಲೆ ತೆಂಗಿನಕಾಯಿ ಇಡುತ್ತೇನೆ, ಫ್ರೀಮಾಂಟಿನ ಅಂಗಡಿಯಿಂದ ತಂದ ನಿಜವಾದದ್ದು. ಯಾರೂ ಮುಟ್ಟುವುದಿಲ್ಲ. ಅದರ ಹತ್ತಿರದ ಕುರ್ಚಿಯಲ್ಲಿ ಕೂರುವುದೂ ಇಲ್ಲ. ಗೋಡೆಯ ತುಂಬ ಹಸಿರು.

ಕ್ರಿಸ್‌ಮಸ್ಸಿಗೆ ಹೊಸ ವ್ಯವಸ್ಥೆಯನ್ನು ಕೆಲವು ಊರುಗಳಲ್ಲಿ ಓಡಿಸಿ ನೋಡಿದೆವು. ಎಲ್ಲಾ ಸರಿಯಾಯಿತೆಂದು ನನಗೆ ಹೇಳಿದರು. ಆ ವಾರವೇ ಇಂದುವಿನ ಹುಟ್ಟುಹಬ್ಬ, ನಮ್ಮ ಕಂಪನಿಯ ವೆಬ್‌ಸೈಟಿನಲ್ಲೇ ಹೂವು ತರಿಸಿದೆ. ಗುಲಾಬಿ ಬಂತು. ಕಾರ್ಡಿನಲ್ಲಿ, ನಿಮ್ಮ ತಂದೆಯವರ ಅಗಲಿಕೆಗೆ ನಮ್ಮೆಲ್ಲರ ಸಂತಾಪ ಎಂದಿತ್ತು. ನಾನು ಮನೆಯಲ್ಲಿರಲಿಲ್ಲ. ತವರಿನವರು ಯಾರೋ ಮೈಸೂರಿನಿಂದ ನನಗೆ ಆ ಸುದ್ದಿ ಹೇಳಿ, ನಾನು ಬಾಯಲ್ಲಿ ಹೇಳಲಾರದೆ ಹೂವು ಕಳಿಸಿದ್ದೇನೆ ಎಂದುಕೊಂಡಳು. ಮೈಸೂರಿಗೆ ಫೋನು ಹಚ್ಚಿ ಅಳುತ್ತಾ ನಿಂತವಳಿಗೆ ಆ ಕಡೆಯಿಂದ ಮಾವನವರೇ “ಯಾರಮ್ಮಾ, ಇಷ್ಟು ಹೊತ್ತಿನಲ್ಲಿ?” ಎಂದರಂತೆ.

ಮಾರನೆಯ ದಿನ ಆಫೀಸಿನಲ್ಲಿ ವಿಚಾರಿಸಿದರೆ ಎಲ್ಲರಿಗೂ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಇಂದು ಒಂದೇ ಮಾತು ಅಂದಳು: “ನಿಮಗೆ ಕೆಟ್ಟ ಸುದ್ದಿ ಬಾಯಲ್ಲಿ ಹೇಳಕ್ಕಾಗಲ್ಲ ಅಂತ ನಾನು ತಕ್ಷಣ ನಂಬಿಬಿಟ್ಟೆನಲ್ಲ ರೀ.”

ಏನು ಮಾಡಲಿ?

ಶ್ರೀಕಂಠ


ಲಿವರ್‌ಮೋರ್
ಜನವರಿ 20, 2001

ಶ್ರೀಕಂಠ,

ಏನು ಮಾಡಲಿ ಎಂದು ನನ್ನನ್ನು ಕೇಳುತ್ತೀಯ? ಹೇಳುವವರನ್ನೆಲ್ಲ ಬಾಗಿಲಾಚೆ ಕಳಿಸಿ ಈಗ ಕೇಳುತ್ತೀಯ? ನಿನ್ನ ಕಾಗದ ಓದಿ ಅದನ್ನು ಉಂಡೆ ಕಟ್ಟಿ ಎಸೆದೆ. ಭದ್ರಮ್ಮ ಎತ್ತಿ ಇಸ್ತ್ರಿ ಮಾಡಿದ ಹಾಗೆ ನೀವಿ ಇಟ್ಟಳು, “ಬೈಯೋದಿದ್ರೆ ಉಪ್ಯೋಗಕ್ ಬರೋ ಹಂಗ್ ಬೈರಿ” ಎಂದಳು.

ಇನ್ನೂ ವ್ಯಾಲೆಂಟೈನ್ ದಿನಕ್ಕೆ ಸಮಯವಿದೆ. ಬೋರ್ಡಿನವರ ಮುಂದೆ ನಿಂತು ಹೇಳು. ಹಳೇ ಚೀಟಿಯ ಪದ್ಧತಿಯಲ್ಲೇ ಈ ಹಬ್ಬ ಕಳೆಯೋಣ ಎನ್ನು. ಲೂಪೆಯ ಹೆಂಗಸರು ಅದನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ಹೊಸದನ್ನು ಕಟ್ಟಲು ನಿಸರ್ಗಾಳನ್ನೂ ಉಳಿದವರನ್ನೂ ಕರೆಸಬೇಕು ಎನ್ನು. ಯಾಕೆ ಹೋದರು, ಯಾರು ಕಳಿಸಿದರು ಎಂಬುದನ್ನೂ ನಿನ್ನ ಬಾಯಿಂದಲೇ ಹೇಳು. ಹಸಿರು ಬಣ್ಣ ಬಳಿಯಬೇಡ.

ಅವರು ನಿನಗೆ ವೀಳ್ಯ ಕೊಡುವುದಿಲ್ಲ. ನಿಸರ್ಗಾ ಮೊದಲ ದಿನ ಎದ್ದು ನಿಂತಾಗ ಅವಳಿಗೂ ಯಾರೂ ಕೊಟ್ಟಿರಲಿಲ್ಲ.

ದೇವೇಂದ್ರಪ್ಪ


ಕ್ಯುಪರ್ಟಿನೋ
ಫೆಬ್ರುವರಿ 8, 2001

ದೇವೇಂದ್ರಪ್ಪ,

ಹೇಳಿದೆ. ನೀನು ಬರೆದದ್ದನ್ನೆಲ್ಲ ಹೇಳಿದೆ, ಹೆಸರು ಕೊಟ್ಟವನು ನಾನೆಂಬುದನ್ನೂ. ಚೇರ್ಮನ್ನರು, ಇಷ್ಟು ಒಳ್ಳೆಯ ತಂಡದಲ್ಲಿ ಇಂಥ ನಿರಾಶೆಯ ಮಾತು ಎಲ್ಲಿಂದ ಬಂತು ಎಂದು ಕೇಳಿದರು. ಕನ್ಸಲ್ಟೆಂಟು ಹೆಂಗಸು ಏನೋ ಬರೆದುಕೊಂಡಳು.

ನನಗೂ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಹಬ್ಬದ ದಿನ ಹೊಸ ವ್ಯವಸ್ಥೆಯೇ ಓಡುತ್ತದಂತೆ.

ಪಾರ್ಕಿಂಗ್ ಲಾಟಿನವರೆಗೆ ಸೆಕ್ಯೂರಿಟಿಯವನು ಜೊತೆಗೆ ಬಂದ. ಸೋಮವಾರದ ಕಾಯಿಯನ್ನು ಪೆಟ್ಟಿಗೆಗೆ ಹಾಕಿಕೊಳ್ಳಲು ಹೋದೆ. ಆಗಲಿಲ್ಲ. ಅದು ನನಗೆ ಯಾರೂ ಕೊಟ್ಟದ್ದಲ್ಲವಲ್ಲ. ಅಲ್ಲೇ ಬಿಟ್ಟು ಬಂದೆ.

ಕೇಳಲು ನಾಚಿಕೆಯಾಗುತ್ತದೆ. ನಿನ್ನ ಜಗಲಿಯಲ್ಲಿ ನನಗೊಂದು ಕಾಯಿ ಇದೆಯೇ?

ಶ್ರೀಕಂಠ


ಲಿವರ್‌ಮೋರ್
ಫೆಬ್ರುವರಿ 18, 2001

ಶ್ರೀಕಂಠ,

ಹಬ್ಬದ ದಿನ ನಡೆದದ್ದನ್ನು ಲೂಪೆ ಫೋನಿನಲ್ಲಿ ಹೇಳಿದಳು. ಹೆಂಡತಿಗೆ ಹೋಗಬೇಕಾದ ಕಾರ್ಡು ದಂತವೈದ್ಯನಿಗೆ, ಗೆಳತಿಗೆ ಬರೆದದ್ದು ಅತ್ತೆಗೆ. ಆಸ್ಪತ್ರೆಯಲ್ಲಿ ಮಲಗಿದ್ದ ಮುದುಕಿಗೆ, ಶನಿವಾರ ಕುಣಿಯೋಣ ಬಾ ಎಂಬ ಕರೆ. ಫೋನುಗಳು ಹೊಡೆದುಕೊಂಡು ಹೊಡೆದುಕೊಂಡು ಕೊನೆಗೆ ಯಾರೋ ತಂತಿ ಕಿತ್ತರಂತೆ. ಭದ್ರಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಎಂಥ ಚೆಂದದ ಕೆಲಸ ಅದು, ಎಷ್ಟು ಜನ ಮನಸ್ಸಿಟ್ಟು ಮಾಡುತ್ತಿದ್ದರು! ಹಾಳು ಮಾಡಿಬಿಟ್ಟಿರಿ. ಈಗ ಗೋದಾಮಿಗೇ ಬೀಗ ಹಾಕುತ್ತಾರಂತೆ. ಲೂಪೆಗೂ ಕೆಲಸವಿಲ್ಲ.

ನೀನು ಬೋರ್ಡಿನಲ್ಲಿ ಹೇಳಿದೆ. ಅದಕ್ಕೆ ಒಂದು ಸಾಲು ಬರೆಯಬೇಕು, ಬರೆದಿದ್ದೇನೆ. ನನ್ನ ಸಿಟ್ಟು ಇನ್ನೂ ಆರಿಲ್ಲ. ಆರುವ ತನಕ ಕಾಯುವುದಾದರೆ ನಾವಿಬ್ಬರೂ ಮುದುಕರಾಗುತ್ತೇವೆ.

ನಿಸರ್ಗಾಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಟಿಕೆಟು ಮಾಡಿಸಿದ್ದಾಳೆ, ಬರುವ ತಿಂಗಳು ಊರಿಗೆ ಹೋಗುತ್ತಾಳೆ. ಮುಂದಿನ ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಕರೆದಿದ್ದೇವೆ. ನಿನ್ನ ಕಾಗದ ಅವಳಿಗೆ ಓದಿ ಹೇಳಿದೆ. “ಬರ್ಲಿ ಬುಡಿ ಸಾರ್. ಅವ್ರ್‌ಗೆ ನಾನ್ ಹೇಳೋದ್ ಸ್ಯಾನೆ ಅದೆ” ಎಂದಳು.

ಬಾ. ಇಂದುವನ್ನೂ ಕರೆದುಕೊಂಡು ಬಾ. ಇಲ್ಲಿನ ಮನೆಗೆ ಜಗಲಿ ಎಲ್ಲಿಂದ ಬರಬೇಕು, ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟಿರುತ್ತೇನೆ. ಅದು ನಿನಗಲ್ಲ. ಅದನ್ನು ಎತ್ತಿಕೊಂಡು ಒಳಗೆ ಬಂದು, ಮೊದಲು ಅವಳ ಕೈಗೆ ಕೊಡು. ಆಮೇಲೆ ಕೆಳಗೆ ಕೂತು, ಅವಳು ಹೇಳಿ ಮುಗಿಸುವ ತನಕ ಕೇಳು.

ದೇವೇಂದ್ರಪ್ಪ